ಉಡುಪಿಯ ಕ್ರೈಸ್ತ ಸಭೆಯೊಂದರಲ್ಲಿ ಯುವಜನ ಸಂಘದ ವಾರ್ಷಿಕ ಯೋಜನೆಯನ್ನು ಎಲ್ಲಿಂದ ಆರಂಭಿಸಬೇಕು?

ಮೊದಲು ಈಸ್ಟರ್ ದಿನಾಂಕವನ್ನು ಗುರುತಿಸಿಕೊಳ್ಳಿ. ಅದು ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಬದಲಾಗುವುದರಿಂದ, ಅದಕ್ಕೆ ಮುಂಚಿನ ಲೆಂಟ್ ಎಂಬ ಉಪವಾಸ-ಪ್ರಾರ್ಥನೆಯ ಕಾಲವು ಸಾಮಾನ್ಯವಾಗಿ ಪಿಯುಸಿ, ಎಸ್ಸೆಸ್ಸೆಲ್ಸಿ ಪರೀಕ್ಷೆಗಳ ದಿನಗಳಲ್ಲೇ ಬರುತ್ತದೆ. ಆಗ ಮಕ್ಕಳನ್ನು ಸಂಜೆಯ ಕೂಟಗಳಿಗೆ ಒತ್ತಾಯಿಸದೆ, ಭಾನುವಾರದ ಆರಾಧನೆಯ ಬಳಿಕ ಅವರಿಗಾಗಿ ಪ್ರಾರ್ಥಿಸಿದರೆ ಸಾಕು. ಶಿಬಿರವನ್ನು ಸಿಇಟಿ, ನೀಟ್ ದಿನಾಂಕಗಳನ್ನು ತಪ್ಪಿಸಿ ಮೇ ತಿಂಗಳಲ್ಲಿ ಮುಗಿಸಿ. ಜೂನ್ ಬಂತೆಂದರೆ ಕರಾವಳಿಯ ಮಳೆಯಲ್ಲಿ ಹೊರಗಿನ ಕಾರ್ಯಕ್ರಮ ಕಷ್ಟ.

ಇದಕ್ಕಿಂತ ಮುಖ್ಯವಾದುದು ಹೊಣೆ ಹಂಚಿಕೆ. ಪದವಿ ಮುಗಿಸಿದ ಅನೇಕರು ಬೆಂಗಳೂರಿಗೋ ಗಲ್ಫ್‌ಗೋ ಹೊರಡುವುದರಿಂದ, ಗಾಯನವಿರಲಿ, ಲೆಕ್ಕಪತ್ರವಿರಲಿ, ರೋಗಿಗಳ ಭೇಟಿಯಿರಲಿ, ಪ್ರತಿ ಕೆಲಸದಲ್ಲೂ ಅನುಭವಸ್ಥರ ಜೊತೆಗೆ ಪಿಯುಸಿ ಓದುವ ಒಬ್ಬರನ್ನು ಮೊದಲ ದಿನದಿಂದಲೇ ಸೇರಿಸಬೇಕೆಂದು ಸಭಾಪಾಲಕರಲ್ಲಿ ನನ್ನ ವಿನಂತಿ.