ಹ್ಯಾಚರಿ ಮೀನುಗಾರಿಕೆ ಮತ್ತು ಕಾಡು ಸ್ಟೀಲ್‌ಹೆಡ್ ಒಟ್ಟಿಗೆ ಉಳಿಯಲು ಸಾಧ್ಯವೇ?

ಸಾಧ್ಯ, ಆದರೆ ಒಂದೇ ನದಿಯಲ್ಲಿ ಕಷ್ಟ ಅನ್ನೋದು ನನ್ನ ಅಭಿಪ್ರಾಯ. ಸ್ಟೀಲ್‌ಹೆಡ್ ಅಂದರೆ ಸಮುದ್ರಕ್ಕೆ ಹೋಗಿ, ಮೊಟ್ಟೆಯಿಡಲು ನದಿಗೆ ಮರಳುವ ರೇನ್‌ಬೋ ಟ್ರೌಟ್ ಮೀನು. ಹ್ಯಾಚರಿ ಅಂದರೆ ಮೊಟ್ಟೆ ಒಡೆಸಿ, ಮರಿಗಳನ್ನು ತೊಟ್ಟಿಯಲ್ಲಿ ಬೆಳೆಸಿ ನದಿಗೆ ಬಿಡುವ ಕೇಂದ್ರ; ನದಿಯಲ್ಲೇ ಹುಟ್ಟಿ ಬೆಳೆದದ್ದು ಕಾಡು ಮೀನು.

ಅಮೆರಿಕದ ಕೊಲಂಬಿಯಾ ನದಿಗೆ ಅಣೆಕಟ್ಟುಗಳು ಬಂದ ಮೇಲೆ, ಮೀನಿನ ನಷ್ಟ ತುಂಬಲು 1938ರ ಮಿಚೆಲ್ ಕಾಯ್ದೆಯಡಿ ಹ್ಯಾಚರಿಗಳು ಬೆಳೆದವು. ಅಲ್ಲಿ ಬಹುತೇಕ ಮರಿಗಳಿಗೆ ಬೆನ್ನ ಮೇಲೆ, ಬಾಲದ ಹತ್ತಿರ ಇರುವ ಪುಟ್ಟ ಕೊಬ್ಬಿನ ರೆಕ್ಕೆಯನ್ನು ಕತ್ತರಿಸಿಯೇ ನೀರಿಗೆ ಬಿಡುತ್ತಾರೆ. ಗಾಳಕ್ಕೆ ಸಿಕ್ಕ ಸ್ಟೀಲ್‌ಹೆಡ್‌ನಲ್ಲಿ ಆ ಜಾಗ ಬೋಳಾಗಿ, ಮಾಗಿದ ಗಾಯದ ಗುರುತಿದ್ದರೆ ಅದು ಹ್ಯಾಚರಿ ಮೀನು, ಮನೆಗೊಯ್ಯಬಹುದು. ರೆಕ್ಕೆ ಇದ್ದರೆ ಕಾಡು ಮೀನೆಂದು ಸಾಮಾನ್ಯವಾಗಿ ಬಿಟ್ಟುಬಿಡಬೇಕು. ವಾಷಿಂಗ್ಟನ್ ರಾಜ್ಯದಲ್ಲಂತೂ ನೀರಿನಿಂದ ಪೂರ್ತಿ ಮೇಲೆತ್ತುವಂತೆಯೂ ಇಲ್ಲ.

ಇದರಿಂದ ಗಾಳ ಹಾಕುವವರ ಸಮಸ್ಯೆ ತಕ್ಕಮಟ್ಟಿಗೆ ಬಗೆಹರಿಯಿತು, ಮೀನಿನದ್ದಲ್ಲ. ಸಿಗದೆ ಉಳಿದ ಹ್ಯಾಚರಿ ಮೀನುಗಳು ಮೊಟ್ಟೆಯಿಡುವಾಗ ಕಾಡು ಮೀನಿನ ಜೊತೆ ಬೆರೆಯುತ್ತವೆ. ತೊಟ್ಟಿಯಲ್ಲಿ ಬೆಳೆದ ಸ್ಟೀಲ್‌ಹೆಡ್‌ನ ಸಂತಾನ ಸಾಮರ್ಥ್ಯ ಬೇಗನೆ ಕುಗ್ಗುತ್ತದೆ ಎಂದು ಒರೆಗಾನ್‌ನ ಹುಡ್ ನದಿಯ ಅಧ್ಯಯನಗಳು ತೋರಿಸಿವೆ. ಅದಕ್ಕೇ ವಾಷಿಂಗ್ಟನ್ 2014ರಲ್ಲಿ ವಿಂಡ್ ನದಿಯಂಥ ಕೆಲವನ್ನು ಹ್ಯಾಚರಿ ಸ್ಟೀಲ್‌ಹೆಡ್ ಬಿಡದ ಮೀಸಲು ನದಿಗಳಾಗಿ ಗುರುತಿಸಿತು.