ಮೊಟ್ಟೆಯೊಳಗೆ ಮರಿಗೆ ಮಾಂಸಖಂಡ ಯಾವಾಗ ಕಟ್ಟುತ್ತದೆ?

ಮುಳಬಾಗಿಲು ಕಡೆ ಇನ್‌ಕ್ಯುಬೇಟರಿನಲ್ಲಿ ನಾಟಿ ಕೋಳಿ ಮರಿ ಮಾಡಿಸುವವರ ಪ್ರಶ್ನೆ ಇದು. ಕೊನೆಯ ವಾರದಲ್ಲಿ ಎಂದುಕೊಳ್ಳುವವರೇ ಹೆಚ್ಚು. ಕೆಲಸ ಶುರುವಾಗುವುದು ಎರಡನೇ ದಿನಕ್ಕೇ.

ಕಾವಿಗಿಟ್ಟ ಸುಮಾರು 24 ಗಂಟೆಗೆ ಬೆನ್ನುಹುರಿಯಾಗಲಿರುವ ಭಾಗದ ಎರಡೂ ಬದಿ ಸೋಮೈಟ್ ಎಂಬ ಸಣ್ಣ ಗಂಟುಗಳು ಮೂಡತೊಡಗುತ್ತವೆ, 90 ನಿಮಿಷಕ್ಕೊಂದು ಜೊತೆಯಂತೆ. ಇಲ್ಲಿಂದ ಹೊರಟ ಕೋಶಗಳು ರೆಕ್ಕೆ, ಕಾಲುಗಳ ಮೊಗ್ಗು ಸೇರಿ, ಸಾಲುಗಟ್ಟಿ, ಒಂದರೊಡನೊಂದು ಬೆಸೆದು ಎಳೆಗಳಾಗುತ್ತವೆ. ಮೊದಲ ತಂಡ ಸುಮಾರು ಒಂದು ವಾರಕ್ಕೆ ಸಿದ್ಧ; ಅದನ್ನೇ ಆಸರೆ ಮಾಡಿಕೊಂಡು ಎರಡನೇ ತಂಡ ಆಮೇಲೆ ಬೆಳೆಯುತ್ತದೆ. ಮರಿ ಹೊರಬರುವ ಹೊತ್ತಿಗೆ ಎಳೆಗಳ ಸಂಖ್ಯೆ ಹೆಚ್ಚುಕಡಿಮೆ ನಿಗದಿ. ನಂತರ ಎಷ್ಟೇ ಮೇವು ಹಾಕಿ, ಎಳೆ ದಪ್ಪವಾಗುತ್ತದೆಯೇ ಹೊರತು ಲೆಕ್ಕ ಹೆಚ್ಚುವುದಿಲ್ಲ.

ಸುಮಾರು 4ನೇ ದಿನದಿಂದ ಭ್ರೂಣ ಅಲುಗುತ್ತದೆ. ಅಲುಗಾಟ ನಿಂತರೆ ಸ್ನಾಯು ಸೊರಗಿ, ಕೀಲು ಬಿಗಿಯುತ್ತದೆ. ಚಿಪ್ಪು ಒಡೆಯುವ ಹೊತ್ತಿಗೆ ಕತ್ತಿನ ಹಿಂದಿನ ಸ್ನಾಯು ದ್ರವ ತುಂಬಿ ಊದುತ್ತದೆ. ಬಾವು ಎಂದು ಹೆದರಿ ಔಷಧಿ ಹಾಕಬೇಡಿ, ತಾನೇ ಇಳಿಯುತ್ತದೆ.

ಫ್ಯಾನ್ ಇರುವ ಯಂತ್ರಕ್ಕೆ 37.5 ಡಿಗ್ರಿ ಸೆಲ್ಸಿಯಸ್ ಸಾಕು. 18ನೇ ದಿನ ಮೊಟ್ಟೆ ತಿರುಗಿಸುವುದನ್ನು ನಿಲ್ಲಿಸಿ. ಕರೆಂಟ್ ಹೋದರೆ ಬಾಗಿಲು ತೆರೆಯಬೇಡಿ. ಸ್ವಲ್ಪ ಹೊತ್ತು ತಣ್ಣಗಾದರೆ ಮರಿ ತಡವಾದೀತು, ಅಷ್ಟೇ. ಕಾವು ಮಿತಿಮೀರಿದರೆ ಮಾತ್ರ ಮರಿ ಉಳಿಯುವುದೇ ಕಷ್ಟ.