ಕೆನಡಾದ ರಾಕಿ ಪರ್ವತಗಳಿಂದ ಪೆಸಿಫಿಕ್ ಕರಾವಳಿಯವರೆಗೆ ಹದಿನೈದು ದಿನಗಳ ಪ್ರವಾಸವನ್ನು ಹೇಗೆ ಯೋಜಿಸಬೇಕು?

ಜುಲೈ ತಿಂಗಳಲ್ಲಿ ಹದಿನೈದು ದಿನಗಳ ರಜೆಯಿದೆ, ಅರವತ್ತು ದಾಟಿದ ತಂದೆ ತಾಯಿ ಜೊತೆಗಿರುತ್ತಾರೆ, ಬ್ಯಾನ್ಫ್, ಜ್ಯಾಸ್ಪರ್, ವಿಸ್ಲರ್, ವ್ಯಾಂಕೂವರ್, ವಿಕ್ಟೋರಿಯಾ ಮತ್ತು ಸಿಯಾಟಲ್‌ಗಳಿಗೆ ಎರಡೆರಡು ದಿನ ಹಂಚಿದರೆ ಸಾಕೇ ಎಂದು ನೀವು ಕೇಳಿದ್ದೀರಿ. ಹಾಗೆ ಸಮನಾಗಿ ಹಂಚಬೇಡಿ ಎಂಬುದು ನನ್ನ ಖಚಿತವಾದ ಸಲಹೆ. ಈ ದಾರಿಯಲ್ಲಿ ನಾನು ಕುಟುಂಬದವರೊಡನೆಯೂ ಒಬ್ಬನೇ ಆಗಿಯೂ ಓಡಾಡಿದ್ದೇನೆ. ಮಳೆ ಬಂದರೂ ನಗರದಲ್ಲಿ ನೋಡುವುದಕ್ಕೆ ಏನಾದರೂ ಇದ್ದೇ ಇರುತ್ತದೆ, ಆದರೆ ಮೋಡ ಕವಿದ ದಿನ ಬೆಟ್ಟ ಕಣ್ಣಿಗೇ ಬೀಳುವುದಿಲ್ಲ. ಆದ್ದರಿಂದ ಎರಡು ದಿನ ಮೋಡದ ಪಾಲಾದರೂ ಇನ್ನೆರಡು ದಿನ ಕೈಯಲ್ಲಿ ಉಳಿಯುವಂತೆ ಪರ್ವತಗಳಿಗೆ ಹೆಚ್ಚು ದಿನ ಕೊಡಬೇಕು, ಕರಾವಳಿಯ ನಗರಗಳಿಗೆ ಅಳತೆಯಾಗಿ ಕೊಟ್ಟರೆ ಸಾಕು.

ಮೊದಲು ಸಿಯಾಟಲ್ ಮತ್ತು ವಿಸ್ಲರ್‌ಗಳನ್ನು ಪಟ್ಟಿಯಿಂದ ತೆಗೆದುಬಿಡಿ. ಸಿಯಾಟಲ್‌ಗೆ ಭಾರತೀಯ ಪಾಸ್‌ಪೋರ್ಟ್ ಇರುವವರು ಪ್ರತ್ಯೇಕವಾಗಿ ಅಮೆರಿಕದ ವೀಸಾ ಪಡೆಯಬೇಕು, ಗಡಿಯಲ್ಲಿ ಕಾಯುವ ಹೊತ್ತಂತೂ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ವಿಸ್ಲರ್ ಸುಂದರವಾದ ಊರೇ, ಆದರೆ ಜ್ಯಾಸ್ಪರ್ ನೋಡಿ ಬಂದವರಿಗೆ ಅಲ್ಲಿ ಹೊಸದಾಗಿ ಸಿಗುವುದು ಕಡಿಮೆ. ಉಳಿದ ರಾತ್ರಿಗಳನ್ನು ನಾನು ಹೀಗೆ ಹಂಚುತ್ತೇನೆ: ಬ್ಯಾನ್ಫ್ ಸುತ್ತಮುತ್ತ ನಾಲ್ಕು, ಜ್ಯಾಸ್ಪರ್‌ನಲ್ಲಿ ಮೂರು, ದಾರಿಯಲ್ಲಿ ಕ್ಲಿಯರ್‌ವಾಟರ್ ಮತ್ತು ಹೋಪ್ ಎಂಬ ಸಣ್ಣ ಊರುಗಳಲ್ಲಿ ಒಂದೊಂದು, ವಿಕ್ಟೋರಿಯಾದಲ್ಲಿ ಎರಡು, ಕೊನೆಗೆ ವ್ಯಾಂಕೂವರ್‌ನಲ್ಲಿ ಮೂರು. ಕ್ಯಾಲ್ಗರಿಯಲ್ಲಿ ಇಳಿದು ವ್ಯಾಂಕೂವರ್‌ನಿಂದ ಹೊರಡುವಂತೆ ವಿಮಾನದ ಟಿಕೆಟ್ ಮಾಡಿಸಿಕೊಳ್ಳಿ. ಒಂದು ಊರಿನಲ್ಲಿ ಪಡೆದ ಬಾಡಿಗೆ ಕಾರನ್ನು ಇನ್ನೊಂದು ಊರಿನಲ್ಲಿ ಒಪ್ಪಿಸಿದರೆ ಸಾಕಷ್ಟು ದೊಡ್ಡ ಹೆಚ್ಚುವರಿ ಶುಲ್ಕ ಬೀಳುತ್ತದೆ ಎಂಬುದು ನಿಜ. ಅದನ್ನು ಉಳಿಸುವುದಕ್ಕಾಗಿ ಇಡೀ ದಾರಿಯನ್ನು ಹಿಂದಕ್ಕೆ ಓಡಿಸಿದರೆ ಎರಡು ದಿನ ಕಳೆದುಹೋಗುತ್ತವೆ, ವಯಸ್ಸಾದವರಿಗೆ ಆಯಾಸವೂ ಆಗುತ್ತದೆ. ಆ ಹಣವನ್ನು ಕೊಟ್ಟುಬಿಡುವುದೇ ಒಳ್ಳೆಯದು.

ಕ್ಯಾಲ್ಗರಿಯಿಂದ ಬ್ಯಾನ್ಫ್ ಸುಮಾರು 130 ಕಿ.ಮೀ. ದೂರದಲ್ಲಿದೆ. 1885ರಲ್ಲಿ ಬಿಸಿನೀರಿನ ಬುಗ್ಗೆಗಳ ರಕ್ಷಣೆಗೆಂದು ಕಾದಿರಿಸಿದ ಸಣ್ಣ ಜಾಗವೇ ಬೆಳೆದು ಕೆನಡಾದ ಮೊದಲ ರಾಷ್ಟ್ರೀಯ ಉದ್ಯಾನವಾಯಿತು, ಈಗ ಅದರ ವಿಸ್ತಾರ 6,641 ಚದರ ಕಿ.ಮೀ. ಊರೊಳಗಿನ ವಸತಿ ಜುಲೈನಲ್ಲಿ ಬಹಳ ದುಬಾರಿಯಾಗಿರುವುದರಿಂದ ಉದ್ಯಾನದ ಗಡಿಯಾಚೆಗಿರುವ ಕ್ಯಾನ್‌ಮೋರ್‌ನಲ್ಲಿ ಅಡುಗೆಮನೆ ಇರುವ ಮನೆಯನ್ನು ಹಿಡಿಯಬಹುದು. ಅಲ್ಲಿಂದ ಬ್ಯಾನ್ಫ್‌ಗೆ ಅರ್ಧ ಗಂಟೆಯೂ ಹಿಡಿಯುವುದಿಲ್ಲ, ತಂದೆ ತಾಯಿಯ ಊಟದ ಚಿಂತೆಯೂ ತಪ್ಪುತ್ತದೆ. ಮೊದಲ ದಿನ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ. ಜುಲೈ ಮೊದಲ ವಾರದಲ್ಲಿ ಅಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಹತ್ತರ ಹತ್ತಿರವಾಗಿರುತ್ತದೆ, ಆದ್ದರಿಂದ ಮಧ್ಯಾಹ್ನ ನಿದ್ದೆ ಮಾಡಿ ಎದ್ದ ಮೇಲೂ ಬೋ ನದಿಯ ದಂಡೆಯಲ್ಲಿ ನಿಧಾನವಾಗಿ ನಡೆಯುವಷ್ಟು ಬೆಳಕು ಉಳಿದಿರುತ್ತದೆ.

ಮೊರೇನ್ ಸರೋವರದ ವಿಷಯದಲ್ಲಿ ಮಾತ್ರ ವಿಶೇಷ ಎಚ್ಚರಿಕೆ ಬೇಕು. 2023ರಿಂದ ಅಲ್ಲಿಗೆ ಖಾಸಗಿ ವಾಹನಗಳನ್ನು ಬಿಡುತ್ತಿಲ್ಲ. ಉದ್ಯಾನಗಳನ್ನು ನೋಡಿಕೊಳ್ಳುವ ಪಾರ್ಕ್ಸ್ ಕೆನಡಾ ಸಂಸ್ಥೆಯ ಶಟಲ್ ಬಸ್ಸಿನಲ್ಲಿ ಮುಂಗಡವಾಗಿ ಸೀಟು ಕಾದಿರಿಸಿ ಹೋಗಬೇಕು, ಅದೇ ಟಿಕೆಟ್‌ನಲ್ಲಿ ಲೇಕ್ ಲೂಯಿಸ್‌ಗೂ ಹೋಗಿಬರಬಹುದು. ಇತ್ತೀಚಿನ ವರ್ಷಗಳಲ್ಲಿ ಸೀಟುಗಳ ಒಂದು ಭಾಗವನ್ನು ವಸಂತಕಾಲದಲ್ಲಿಯೇ ಬಿಡುಗಡೆ ಮಾಡಿ, ಉಳಿದವನ್ನು ಪ್ರಯಾಣಕ್ಕೆ ಎರಡು ದಿನ ಮುಂಚೆ ಬೆಳಗ್ಗೆ 8 ಗಂಟೆಗೆ ತೆರೆಯುತ್ತಿದ್ದಾರೆ. ಅನೇಕರು ವಸಂತದಲ್ಲಿಯೇ ಸೀಟು ಹಿಡಿದು ನಿಶ್ಚಿಂತರಾಗುತ್ತಾರೆ. ನನಗೆ ಎರಡನೆಯ ದಾರಿಯೇ ಹೆಚ್ಚು ಇಷ್ಟ, ಏಕೆಂದರೆ ಎರಡು ದಿನದ ಹವಾಮಾನ ಮುನ್ಸೂಚನೆ ಬಹುಮಟ್ಟಿಗೆ ನಂಬುವಂತಿರುತ್ತದೆ, ಮೂರು ತಿಂಗಳ ಹಿಂದೆ ಹಿಡಿದ ದಿನ ಹೇಗಿರುವುದೋ ಯಾರಿಗೆ ಗೊತ್ತು? ನಾಲ್ಕು ರಾತ್ರಿ ಅಲ್ಲೇ ಇರುವವರು ಯಾವ ಬೆಳಗ್ಗೆ ಆಕಾಶ ತಿಳಿಯಾಗಿರುತ್ತದೆಯೋ ಆ ಬೆಳಗ್ಗೆಯನ್ನೇ ಆರಿಸಿಕೊಳ್ಳಬಹುದು. ಬಣ್ಣದ ದೃಷ್ಟಿಯಿಂದಲೂ ನೀವು ಜುಲೈ ಆರಿಸಿಕೊಂಡದ್ದು ಸರಿಯಾಗಿದೆ. ಹಿಮನದಿಗಳು ಬಂಡೆಯನ್ನು ಉಜ್ಜಿ ಅರೆದ ನುಣುಪಾದ ಪುಡಿ ಕರಗಿದ ನೀರಿನೊಡನೆ ಬಂದು ಸರೋವರದಲ್ಲಿ ತೇಲುತ್ತಿರುವಾಗ ಬೆಳಕು ಅದರ ಮೇಲೆ ಚದುರಿ ಆ ಹಸಿರು ಬೆರೆತ ನೀಲಿ ಕಾಣಿಸುತ್ತದೆ. ಜೂನ್ ಆರಂಭದಲ್ಲಿ ಲೇಕ್ ಲೂಯಿಸ್ ಮೇಲೆ ಇನ್ನೂ ಹಿಮದ ಹೊದಿಕೆ ಇರುವ ವರ್ಷಗಳೂ ಉಂಟು.

ಲೇಕ್ ಲೂಯಿಸ್‌ನಿಂದ ಜ್ಯಾಸ್ಪರ್‌ವರೆಗಿನ ಸುಮಾರು 230 ಕಿ.ಮೀ. ರಸ್ತೆಗೆ ಐಸ್‌ಫೀಲ್ಡ್ಸ್ ಪಾರ್ಕ್‌ವೇ ಎಂದು ಹೆಸರು. ನಕ್ಷೆಯಲ್ಲಿ ಅದು ಮೂರು ಗಂಟೆಯ ದಾರಿ, ಆದರೂ ಅದಕ್ಕೆ ಬೆಳಗಿನಿಂದ ಸಂಜೆಯವರೆಗೆ ಪೂರ್ತಿ ಒಂದು ದಿನ ಕೊಡಿ. ನಡುವೆ ಸಸ್ಕ್ಯಾಚವನ್ ರಿವರ್ ಕ್ರಾಸಿಂಗ್ ಎಂಬ ಒಂದೇ ಕಡೆ ಪೆಟ್ರೋಲ್ ಸಿಗುತ್ತದೆ, ದಾರಿಯ ಬಹುಭಾಗದಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ, ಆದ್ದರಿಂದ ಟ್ಯಾಂಕ್ ತುಂಬಿಸಿ, ನಕ್ಷೆಯನ್ನು ಫೋನಿಗೆ ಇಳಿಸಿಕೊಂಡು, ಬುತ್ತಿ ಕಟ್ಟಿಕೊಂಡು ಹೊರಡಬೇಕು. ಬೋ ಸರೋವರ ರಸ್ತೆಯ ಪಕ್ಕದಲ್ಲೇ ಇದೆ, ಪೇಟೋ ಸರೋವರದ ವೀಕ್ಷಣಾ ಸ್ಥಳಕ್ಕೆ ಮಾತ್ರ ಸ್ವಲ್ಪ ಏರು ನಡಿಗೆಯುಂಟು.

ಆ ದಾರಿಯಲ್ಲಿ ನನ್ನನ್ನು ಪ್ರತಿ ಸಲವೂ ಹೆಚ್ಚು ಹೊತ್ತು ಹಿಡಿದಿಡುವುದು ಅಥಾಬಾಸ್ಕಾ ಹಿಮನದಿ. ವಾಹನ ನಿಲ್ಲಿಸಿ ಹಿಮನದಿಯ ತುದಿಯ ಕಡೆಗೆ ಬರಿಯ ಜಲ್ಲಿಕಲ್ಲಿನ ನೆಲದ ಮೇಲೆ ನಡೆಯುತ್ತ ಹೋದರೆ ಅಲ್ಲಲ್ಲಿ ಇಸವಿ ಬರೆದ ಫಲಕಗಳು ಎದುರಾಗುತ್ತವೆ. ಆಯಾ ವರ್ಷ ಹಿಮದ ಅಂಚು ಅಲ್ಲಿತ್ತು ಎಂಬುದು ಅದರ ಅರ್ಥ. ನಾವು ಶಾಲೆಗೆ ಹೋಗುತ್ತಿದ್ದ ಕಾಲದ ಇಸವಿಯ ಫಲಕದ ಪಕ್ಕದಲ್ಲಿ ನಿಂತು ನೋಡಿದರೆ ಈಗಿನ ಹಿಮ ಇನ್ನೂ ಎಷ್ಟೋ ದೂರದಲ್ಲಿ, ಬೂದು ಬಣ್ಣಕ್ಕೆ ತಿರುಗಿ ಮಲಗಿರುತ್ತದೆ. 19ನೆಯ ಶತಮಾನದ ಮಧ್ಯಭಾಗದಿಂದ ಈಚೆಗೆ ಅದು ಒಂದೂವರೆ ಕಿ.ಮೀ.ಗಿಂತ ಹೆಚ್ಚು ಹಿಂದೆ ಸರಿದಿದೆ. ಮಾರ್ಗದರ್ಶಕರಿಲ್ಲದೆ ಹಿಮದ ಮೇಲೆ ಕಾಲಿಡಬೇಡಿ, ಮೇಲೆ ತೆಳುವಾಗಿ ಮುಚ್ಚಿಕೊಂಡ ಬಿರುಕುಗಳಲ್ಲಿ ಬಿದ್ದು ಜನ ಸತ್ತಿದ್ದಾರೆ. ಈ ಹಿಮನದಿ ಹೊರಡುವ ಕೊಲಂಬಿಯಾ ಹಿಮಕ್ಷೇತ್ರದಿಂದ ನೀರು ಮೂರು ದಿಕ್ಕಿಗೆ ಹರಿಯುತ್ತದೆ: ಅಥಾಬಾಸ್ಕಾ ನದಿಯ ಮೂಲಕ ಆರ್ಕ್‌ಟಿಕ್ ಸಾಗರಕ್ಕೆ, ಉತ್ತರ ಸಸ್ಕ್ಯಾಚವನ್ ನದಿಯ ಮೂಲಕ ಹಡ್ಸನ್ ಕೊಲ್ಲಿಗೆ, ಕೊಲಂಬಿಯಾ ನದಿಯ ಮೂಲಕ ಪೆಸಿಫಿಕ್‌ಗೆ.

ಜ್ಯಾಸ್ಪರ್ ಊರು 2024ರ ಜುಲೈನ ಕಾಳ್ಗಿಚ್ಚಿನಲ್ಲಿ ತನ್ನ ಕಟ್ಟಡಗಳ ಸುಮಾರು ಮೂರನೆಯ ಒಂದು ಭಾಗವನ್ನು ಕಳೆದುಕೊಂಡಿತು. ಹಾಗೆಂದು ಅದನ್ನು ಬಿಟ್ಟುಬಿಡಬೇಕೆಂದು ನನಗನ್ನಿಸುವುದಿಲ್ಲ. ಅಲ್ಲಿಯ ಜನರಿಗೆ ಪ್ರವಾಸಿಗರೇ ಜೀವನಾಧಾರ, ಮಲೀನ್ ಸರೋವರವೂ ಅಥಾಬಾಸ್ಕಾ ಜಲಪಾತವೂ ಎಂದಿನಂತೆ ಇವೆ. ಕರಿದಾಗಿ ನಿಂತ ಕಾಡಿನ ನಡುವೆ ಹಾದುಹೋಗಬೇಕಾಗುತ್ತದೆ ಎಂದು ತಂದೆ ತಾಯಿಗೆ ಮೊದಲೇ ಹೇಳಿರಿ. ವಸತಿ ಕಡಿಮೆಯಾಗಿರುವುದರಿಂದ ಇಡೀ ಪ್ರವಾಸದಲ್ಲಿ ಮೊದಲು ಕಾದಿರಿಸಬೇಕಾದದ್ದು ಜ್ಯಾಸ್ಪರ್‌ನ ಕೋಣೆಗಳನ್ನೇ.

ಪರ್ವತದಿಂದ ಕರಾವಳಿಗೆ ಇಳಿಯುವ ದಾರಿಯನ್ನು ಬಹಳ ಜನ ಮುಗಿಸಿಬಿಡಬೇಕಾದ ಕೆಲಸವೆಂದು ಎಣಿಸಿ ಒಂದೇ ದಿನದಲ್ಲಿ ಎಂಟು ನೂರು ಕಿ.ಮೀ. ಓಡಿಸಿಬಿಡುತ್ತಾರೆ. ನಾನು ಎರಡು ರಾತ್ರಿಗಳನ್ನು ಅಲ್ಲಿಗೇ ಇಟ್ಟಿರುವುದಕ್ಕೆ ಕಾರಣ ಫ್ರೇಸರ್ ನದಿ. ಜ್ಯಾಸ್ಪರ್‌ನಿಂದ 16ನೆಯ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೊರಟು ಯೆಲ್ಲೋಹೆಡ್ ಕಣಿವೆಮಾರ್ಗ ದಾಟಿದ ಕೂಡಲೇ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ ಆರಂಭವಾಗುತ್ತದೆ, ಅಲ್ಲಿಯೇ ಇನ್ನೂ ಎಳೆಯ ತೊರೆಯಂತಿರುವ ಫ್ರೇಸರ್ ರಸ್ತೆಯ ಜೊತೆ ಸೇರಿಕೊಳ್ಳುತ್ತದೆ. ಬಲಗಡೆಗೆ ಕೆನಡಾದ ರಾಕಿಗಳಲ್ಲೇ ಎತ್ತರವಾದ, 3,954 ಮೀಟರಿನ ಮೌಂಟ್ ರಾಬ್ಸನ್ ಕಾಣಬೇಕು, ಆದರೆ ಅದರ ನೆತ್ತಿ ಮೋಡದಿಂದ ಹೊರಬರುವುದು ಅಪರೂಪ. ಸ್ವಲ್ಪ ಮುಂದೆ ರಿಯರ್‌ಗಾರ್ಡ್ ಜಲಪಾತದಲ್ಲಿ ಇಳಿದು ನೋಡಿ. ಸಮುದ್ರದಿಂದ ಸಾವಿರದ ಇನ್ನೂರು ಕಿ.ಮೀ.ಗೂ ಹೆಚ್ಚು ದೂರ ಪ್ರವಾಹಕ್ಕೆ ಎದುರಾಗಿ ಈಜಿ ಬಂದ ಚಿನೂಕ್ ಸಾಲ್ಮನ್ ಮೀನುಗಳು ಬೇಸಿಗೆಯ ಕೊನೆಯಲ್ಲಿ ಅಲ್ಲಿಯವರೆಗೂ ತಲುಪುತ್ತವೆ.

ಅಲ್ಲಿಂದ ಫ್ರೇಸರ್ ವಾಯವ್ಯಕ್ಕೆ ತಿರುಗುತ್ತದೆ, ನೀವು 5ನೆಯ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಇಳಿದು ಕ್ಲಿಯರ್‌ವಾಟರ್ ಸೇರುತ್ತೀರಿ. ಹತ್ತಿರದ ವೆಲ್ಸ್ ಗ್ರೇ ಉದ್ಯಾನದಲ್ಲಿ 141 ಮೀಟರ್ ಎತ್ತರದಿಂದ ಧುಮುಕುವ ಹೆಲ್ಮ್‌ಕೆನ್ ಜಲಪಾತವನ್ನು ಕಾರಿನಿಂದ ಇಳಿದು ಕೆಲವೇ ಹೆಜ್ಜೆ ನಡೆದು ನೋಡಬಹುದು, ಮಂಡಿನೋವು ಇರುವವರಿಗೂ ಕಷ್ಟವಾಗುವುದಿಲ್ಲ. ಮರುದಿನ ಕ್ಯಾಮ್ಲೂಪ್ಸ್ ದಾಟುವಾಗ ಕಾಡು ಕಾಣೆಯಾಗಿ ಒಣಹುಲ್ಲಿನ ಗುಡ್ಡಗಳು ಬರುತ್ತವೆ. ಕರಾವಳಿಯ ಪರ್ವತಗಳು ಮಳೆಯನ್ನು ತಡೆದುಬಿಡುವುದರಿಂದ ಅದು ಮಳೆಯ ನೆರಳಿನ ಸೀಮೆ, ಹಿಂದಿನ ದಿನ ಸ್ವೆಟರ್ ಹಾಕಿದ್ದವರು ಇಲ್ಲಿ 35 ಡಿಗ್ರಿಯ ಬಿಸಿಲು ಕಾಣಬಹುದು. ಕ್ಯಾಮ್ಲೂಪ್ಸ್‌ನಿಂದ ವೇಗದ ಕೊಕ್ವಿಹಾಲಾ ಹೆದ್ದಾರಿ ಹಿಡಿಯದೆ ಹಳೆಯ 1ನೆಯ ಹೆದ್ದಾರಿಯಲ್ಲಿ ಥಾಮ್ಸನ್ ನದಿಯನ್ನು ಅನುಸರಿಸಿ ಲಿಟ್ಟನ್‌ಗೆ ಬನ್ನಿ. 2021ರ ಜೂನ್ 29ರಂದು ಅಲ್ಲಿ 49.6 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು, ಕೆನಡಾದಲ್ಲಿ ಅದಕ್ಕಿಂತ ಹೆಚ್ಚಿನ ಉಷ್ಣತೆ ಎಂದೂ ದಾಖಲಾಗಿರಲಿಲ್ಲ. ಮರುದಿನವೇ ಬೆಂಕಿ ಬಿದ್ದು ಊರಿನ ಬಹುಭಾಗ ಸುಟ್ಟುಹೋಯಿತು. ಆ ಊರಿನ ಬಳಿ ಥಾಮ್ಸನ್ ಬಂದು ಫ್ರೇಸರ್‌ಗೆ ಸೇರುವ ಸಂಗಮವಿದೆ. ಕ್ಯಾಮ್ಲೂಪ್ಸ್ ಸರೋವರದಲ್ಲಿ ಮಣ್ಣನ್ನೆಲ್ಲ ಇಳಿಸಿ ಬಂದ ಥಾಮ್ಸನ್ನಿನ ನೀರು ತಿಳಿಹಸಿರು, ಫ್ರೇಸರ್ ಕೆಂಗಂದು. ಎರಡೂ ಒಂದೇ ಪಾತ್ರದಲ್ಲಿ ಕೂಡಿದರೂ ಸ್ವಲ್ಪ ದೂರ ಬೆರೆಯದೆ ಅಕ್ಕಪಕ್ಕದಲ್ಲೇ ಹರಿಯುತ್ತವೆ, ನಡುವಿನ ಗೆರೆ ದಂಡೆಯಿಂದಲೇ ಕಾಣುತ್ತದೆ. ಮುಂದೆ ಹೆಲ್ಸ್ ಗೇಟ್‌ನಲ್ಲಿ ಈ ಇಡೀ ನೀರು 35 ಮೀಟರ್ ಅಗಲದ ಬಂಡೆಯ ಸಂದಿಯಲ್ಲಿ ನುಗ್ಗುವುದನ್ನು ನೋಡಿ ಹೋಪ್‌ನಲ್ಲಿ ತಂಗಿರಿ.

ಕರಾವಳಿಯಲ್ಲಿ ಮೊದಲು ವಿಕ್ಟೋರಿಯಾ, ಆಮೇಲೆ ವ್ಯಾಂಕೂವರ್ ಎಂಬ ಕ್ರಮವನ್ನು ನಾನು ಹೇಳುವುದು ಕಾರಿನ ಕಾರಣಕ್ಕೆ. ಹೋಪ್‌ನಿಂದ ಬೆಳಗ್ಗೆ ನೇರವಾಗಿ ಸ್ವಾಸನ್ ಬಂದರಿಗೆ ಹೋಗಿ ಕಾರಿನ ಸಮೇತ ಬಿ.ಸಿ. ಫೆರೀಸ್ ಹಡಗು ಹತ್ತಿದರೆ ಒಂದು ಗಂಟೆ ಮೂವತ್ತೈದು ನಿಮಿಷದಲ್ಲಿ ವಿಕ್ಟೋರಿಯಾ ಇರುವ ದ್ವೀಪದ ಬಂದರಾದ ಸ್ವಾರ್ಟ್ಜ್ ಬೇ ಮುಟ್ಟುತ್ತೀರಿ, ನಡುವೆ ದ್ವೀಪಗಳ ಇಕ್ಕಟ್ಟಾದ ಜಲಮಾರ್ಗದಲ್ಲಿ ಹಡಗು ಹಾಯುವಾಗ ಮೇಲಿನ ಅಟ್ಟದಲ್ಲಿ ನಿಂತಿರಿ. ವಿಕ್ಟೋರಿಯಾಕ್ಕೆ ಹೋಗುವ ಮುಂಚೆಯೇ, ಸುಣ್ಣಕಲ್ಲಿನ ಹಳೆಯ ಗಣಿಯನ್ನು ಹೂದೋಟ ಮಾಡಿರುವ ಬುಚಾರ್ಟ್ ಗಾರ್ಡನ್ಸ್ ಸಿಗುತ್ತದೆ. ಎರಡು ದಿನ ಕಳೆದು ಹಿಂದಿರುಗಿ ವ್ಯಾಂಕೂವರ್ ವಿಮಾನ ನಿಲ್ದಾಣದಲ್ಲಿ ಕಾರು ಒಪ್ಪಿಸಿ, ಅಲ್ಲಿಂದಲೇ ರೈಲು ಹತ್ತಿ ಅರ್ಧ ಗಂಟೆಯೊಳಗೆ ನಗರದ ಮಧ್ಯಕ್ಕೆ ಬನ್ನಿ. ಅಲ್ಲಿ ಕಾರು ನಿಲ್ಲಿಸುವುದು ಖರ್ಚಿನ ಬಾಬತ್ತು, ಬಸ್ಸು ರೈಲುಗಳು ಚೆನ್ನಾಗಿವೆ. 405 ಹೆಕ್ಟೇರಿನ ಸ್ಟ್ಯಾನ್ಲಿ ಪಾರ್ಕಿನ ಸಮುದ್ರದಂಚಿನ ಕಾಲುದಾರಿಗೆ ಒಂದು ಇಡೀ ದಿನ ಬಿಟ್ಟುಕೊಡಿ, ಮಳೆಗೆ ಹೆಸರಾದ ಆ ಊರು ಜುಲೈನಲ್ಲಿ ಬಹುತೇಕ ಒಣಗಿಯೇ ಇರುತ್ತದೆ.

ಚಿಕ್ಕಪುಟ್ಟ ಸಂಗತಿಗಳು ಕೆಲವಿವೆ. ಕರಡಿ ಕಂಡರೆ 100 ಮೀಟರ್, ಎಲ್ಕ್ ಎಂಬ ದೊಡ್ಡ ಜಿಂಕೆ ಕಂಡರೆ 30 ಮೀಟರ್ ದೂರದಲ್ಲಿರಬೇಕೆಂಬುದು ಉದ್ಯಾನದ ನಿಯಮ, ರಸ್ತೆಯ ಬದಿಯಲ್ಲಿ ಕಂಡಾಗ ಕಾರಿನಿಂದ ಇಳಿಯಬೇಡಿ. ಏಳು ದಿನ ಅಥವಾ ಹೆಚ್ಚು ಕಾಲ ರಾಷ್ಟ್ರೀಯ ಉದ್ಯಾನಗಳಲ್ಲಿ ಇರುವವರಿಗೆ ವಾರ್ಷಿಕ ಡಿಸ್ಕವರಿ ಪಾಸ್ ಲಾಭದಾಯಕ. ಆದರೆ 2025ರ ಬೇಸಿಗೆಯಲ್ಲಿ ಸರ್ಕಾರ ಪ್ರವೇಶ ಶುಲ್ಕವನ್ನೇ ಬಿಟ್ಟಿತ್ತು, ಆದ್ದರಿಂದ ನೀವು ಹೋಗುವ ವರ್ಷದ ನಿಯಮ ನೋಡಿಕೊಂಡು ಕೊಳ್ಳಿ. ತೋರಿಸುವ ಬೆಲೆಗಳ ಮೇಲೆ ತೆರಿಗೆ ಬೇರೆ ಬೀಳುತ್ತದೆ ಎಂಬುದನ್ನು ಬಜೆಟ್‌ನಲ್ಲಿ ಸೇರಿಸಿಕೊಳ್ಳಿ.

ಕೆಲಸದ ಕ್ರಮ ಹೀಗಿರಲಿ: ಮೊದಲು ವೀಸಾ ಅರ್ಜಿ, ಕಳೆದ ಹತ್ತು ವರ್ಷಗಳಲ್ಲಿ ಬೆರಳಚ್ಚು ಕೊಟ್ಟಿರದಿದ್ದರೆ ಅದೂ ಸೇರಿದಂತೆ. ಅದರೊಂದಿಗೇ ಹಣ ಹಿಂದಿರುಗಿಸುವ ಷರತ್ತಿನಲ್ಲಿ ಜ್ಯಾಸ್ಪರ್ ಮತ್ತು ಕ್ಯಾನ್‌ಮೋರ್ ವಸತಿ, ಬಳಿಕ ವಿಮಾನ ಮತ್ತು ಕಾರು, ಕೊನೆಗೆ ಹಡಗಿನಲ್ಲಿ ಕಾರಿಗೆ ಜಾಗ. ಹಣ ಹಿಂದಿರುಗುವ ಷರತ್ತನ್ನು ನಾನು ಒತ್ತಿ ಹೇಳುವುದು ಹೊಗೆಯ ಕಾರಣಕ್ಕೆ. ಜುಲೈ ನಡುವಿನಿಂದ ಆಗಸ್ಟ್‌ವರೆಗೆ ಕಾಳ್ಗಿಚ್ಚಿನಿಂದ ಜ್ಯಾಸ್ಪರ್ ಕಡೆಯ ರಸ್ತೆ ಮುಚ್ಚುವ ಸಂಭವ ಇದ್ದೇ ಇದೆ. ಹಾಗಾದರೆ ಲೇಕ್ ಲೂಯಿಸ್‌ನಿಂದ 1ನೆಯ ಹೆದ್ದಾರಿಯಲ್ಲೇ ಪಶ್ಚಿಮಕ್ಕೆ ಹೊರಟು, ಯೋಹೋ ಉದ್ಯಾನದ ಎಮರಾಲ್ಡ್ ಸರೋವರ ನೋಡಿ, ಗೋಲ್ಡನ್‌ನಲ್ಲಿ ಎರಡು ರಾತ್ರಿ ಉಳಿದು, ರೋಜರ್ಸ್ ಪಾಸ್ ದಾಟಿ ರೆವೆಲ್‌ಸ್ಟೋಕ್‌ನಲ್ಲಿ ಇನ್ನೆರಡು ರಾತ್ರಿ ಕಳೆದು ಕ್ಯಾಮ್ಲೂಪ್ಸ್ ತಲುಪಿದರೆ, ಅಲ್ಲಿಂದ ಮುಂದಿನ ದಾರಿ, ಹೋಪ್‌ನ ಕೋಣೆ ಮತ್ತು ಹಡಗಿನ ಟಿಕೆಟ್ ಯಾವುದನ್ನೂ ಬದಲಿಸಬೇಕಾಗುವುದಿಲ್ಲ.